ಜಡ್ಜ್ ಕೇಳಿದರೆ ಏನು ಹೇಳಲಿ?



ಈ ವಾರ ಎರಡು ಪತ್ರಗಳಿಗೆ ಒಟ್ಟಿಗೆ ಉತ್ತರ ಬರೆಯುತ್ತಿದ್ದೇನೆ. ಒಂದು ಏಳನೇ ತರಗತಿಯ ಹುಡುಗಿಯದು, ಇನ್ನೊಂದು ಬೇರೆ ಊರಿನ ಅಜ್ಜನದು. ಇಬ್ಬರಿಗೂ ಒಬ್ಬರಿಗೊಬ್ಬರ ಪರಿಚಯವಿಲ್ಲ. ಆದರೆ ಇಬ್ಬರ ಸಂಕಟದ ಬೇರು ಒಂದೇ. ಹೆಸರು, ಊರು ಬರೆಯುವುದಿಲ್ಲ. ಇಂಥ ವಿಷಯದಲ್ಲಿ ಗುಟ್ಟು ಕಾಪಾಡಬೇಕೆಂದು ಕಾನೂನೇ ಹೇಳುತ್ತದೆ.

ಹುಡುಗಿ ಕೇಳಿದ್ದಾಳೆ: "ಅಪ್ಪ ಅಮ್ಮ ವಿಚ್ಛೇದನಕ್ಕೆ ಕೋರ್ಟಿಗೆ ಹೋಗಿದ್ದಾರೆ. ಯಾರ ಹತ್ತಿರ ಇರುತ್ತೀಯ ಅಂತ ಜಡ್ಜ್ ನನ್ನನ್ನು ಕೇಳುತ್ತಾರಂತೆ. ಒಬ್ಬರ ಹೆಸರು ಹೇಳಿದರೆ ಇನ್ನೊಬ್ಬರಿಗೆ ಬೇಜಾರಾಗುವುದಿಲ್ಲವಾ? ನಾನು ಏನು ಹೇಳಲಿ?"

ಅಜ್ಜನ ಪ್ರಶ್ನೆ ಇದು: "ಮಗ ಸೊಸೆ ಬೇರೆಯಾಗುತ್ತಿದ್ದಾರೆ. ಮೊಮ್ಮಗ ತಾಯಿಯ ಜೊತೆ ಹೋಗಿದ್ದಾನೆ. ಎಂಟು ತಿಂಗಳಿಂದ ಅವನ ಮುಖ ನೋಡಿಲ್ಲ. ನೋಡುವ ಹಕ್ಕು ನಮಗೆ ಉಂಟೇ?"

ಪುಟ್ಟಿ, ನಿನ್ನ ಪ್ರಶ್ನೆಯಿಂದಲೇ ಶುರು ಮಾಡೋಣ. ಅದಕ್ಕೆ ಮುಂಚೆ ವಿಚ್ಛೇದನ ಎಂದರೆ ಏನು, ಏನಲ್ಲ ಎಂದು ತಿಳಿದುಕೊಂಡರೆ ಅರ್ಧ ಭಯ ಹೋಗುತ್ತದೆ.

ಮುಗಿಯುವುದು ಯಾವುದು?

ವಿಚ್ಛೇದನದಲ್ಲಿ ಮುಗಿಯುವುದು ಗಂಡ ಹೆಂಡತಿ ಎಂಬ ನಂಟು ಒಂದೇ. ಅಪ್ಪ ಮಗಳು, ಅಮ್ಮ ಮಗಳು ಎಂಬ ನಂಟನ್ನು ಮುರಿಯಲು ವಿಚ್ಛೇದನದ ಡಿಕ್ರಿಗೆ ಶಕ್ತಿಯಿಲ್ಲ. ನಾಳೆ ಅಪ್ಪ ಬೇರೆ ಮನೆಯಲ್ಲಿದ್ದರೂ ಅವರು ನಿನ್ನ ಅಪ್ಪನೇ. ನಿನ್ನ ಊಟ, ಬಟ್ಟೆ, ಸ್ಕೂಲು ಫೀಸು, ಔಷಧಿಯ ಹೊಣೆ ಹಾಗೆಯೇ ಉಳಿಯುತ್ತದೆ. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ 1956ರಲ್ಲಿ ಬಂತು. ಮಕ್ಕಳನ್ನು ಸಾಕುವ ಹೊಣೆಯನ್ನು ಅದು ಅಪ್ಪ ಅಮ್ಮ ಇಬ್ಬರ ಮೇಲೂ ಹೊರಿಸಿದೆ. ಹಾಗೆಯೇ ಅಜ್ಜ ಅಜ್ಜಿ, ಚಿಕ್ಕಪ್ಪ, ಸೋದರತ್ತೆ ಯಾರೂ ನಿನಗೆ 'ಮಾಜಿ' ಆಗುವುದಿಲ್ಲ.

ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ ಎಂದು ಕೆಲವು ಹಿರಿಯರು ನಿಟ್ಟುಸಿರು ಬಿಡುತ್ತಾರೆ. ಉತ್ತರ ಕರ್ನಾಟಕದ ಅಜ್ಜಿಯರಿಗೆ 'ಸೋಡಚೀಟಿ' ಎಂಬ ಮಾತು ಗೊತ್ತಿದ್ದೀತು. ಕೆಲವು ಸಮುದಾಯಗಳಲ್ಲಿ ದೈವದವರ ಮುಂದೆ ಗಂಡ ಹೆಂಡತಿ ಬೇರೆಯಾಗಿ, ಆಮೇಲೆ 'ಉಡಿಕೆ'ಯಾಗಿ ಹೊಸ ಸಂಸಾರ ಕಟ್ಟಿಕೊಳ್ಳುವ ಪದ್ಧತಿ ಇತ್ತು. 1955ರ ಹಿಂದೂ ವಿವಾಹ ಕಾಯ್ದೆ ಕೂಡ ಹಾಗೆ ರೂಢಿಯಿಂದ ಬಂದ ಬಿಡುಗಡೆಯನ್ನು ತಳ್ಳಿಹಾಕಲಿಲ್ಲ. ಆದ್ದರಿಂದ ಅಪ್ಪ ಅಮ್ಮ ಬೇರೆಯಾದ ಮಗು ಕ್ಲಾಸಿನಲ್ಲಿ ತಲೆ ತಗ್ಗಿಸಬೇಕಾದ್ದು ಏನೂ ಇಲ್ಲ.

ಕೋರ್ಟಿನಲ್ಲಿ ನಡೆಯುವುದೇನು?

ಕೋರ್ಟು ಎಂದರೆ ಸಿನಿಮಾದಲ್ಲಿ ಕಂಡ ಕಟಕಟೆ, ಕೂಗಾಟ ನೆನಪಾಗುತ್ತದೆ. ಕುಟುಂಬದ ಜಗಳಕ್ಕೆ ಅಂಥ ಜಾಗ ಸರಿಯಲ್ಲ ಎಂದೇ 1984ರಲ್ಲಿ ಕುಟುಂಬ ನ್ಯಾಯಾಲಯಗಳ ಕಾಯ್ದೆ ಬಂತು. ಈ ನ್ಯಾಯಾಲಯದ ಮೊದಲ ಕರ್ತವ್ಯ ತೀರ್ಪು ಕೊಡುವುದಲ್ಲ, ಸಾಧ್ಯವಾದರೆ ರಾಜಿ ಮಾಡಿಸುವುದು. ಆಪ್ತಸಮಾಲೋಚಕರು ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತಾರೆ. ಕೆಲವು ಪ್ರಕರಣಗಳನ್ನು ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸುತ್ತಾರೆ. ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿ 2007ರಿಂದ ಇಂಥದೊಂದು ಕೇಂದ್ರ ನಡೆಯುತ್ತಿದೆ. ಅಲ್ಲಿ ಮಧ್ಯಸ್ಥರು ತೀರ್ಪು ಕೊಡುವುದಿಲ್ಲ. ಎರಡೂ ಕಡೆಯವರ ಮಾತು ಕೇಳಿ, ಅವರೇ ಒಂದು ದಾರಿ ಹುಡುಕಿಕೊಳ್ಳಲು ನೆರವಾಗುತ್ತಾರೆ. ಕುಟುಂಬ ನ್ಯಾಯಾಲಯ ಇಲ್ಲದ ಊರಿನಲ್ಲಿ ಸಿವಿಲ್ ನ್ಯಾಯಾಲಯವೇ ಈ ಪ್ರಕರಣಗಳನ್ನು ನಡೆಸುತ್ತದೆ.

ರಾಜಿಯಾಗದಿದ್ದರೆ ಎರಡು ದಾರಿಗಳಿವೆ.

ಮೊದಲನೆಯದು ಪರಸ್ಪರ ಒಪ್ಪಿಗೆಯ ದಾರಿ. 1976ರಲ್ಲಿ ಹಿಂದೂ ವಿವಾಹ ಕಾಯ್ದೆಗೆ ಇದನ್ನು ಸೇರಿಸಿದರು. ಗಂಡ ಹೆಂಡತಿ ಕನಿಷ್ಠ ಒಂದು ವರ್ಷದಿಂದ ಬೇರೆ ಬೇರೆ ಇದ್ದು, ಇನ್ನು ಒಟ್ಟಿಗೆ ಬಾಳಲಾಗದು ಎಂದು ಇಬ್ಬರೂ ಸೇರಿ ಅರ್ಜಿ ಹಾಕಬೇಕು. ಹಾಕಿದ ಮರುದಿನವೇ ಡಿಕ್ರಿ ಸಿಗುವುದಿಲ್ಲ. ಆರು ತಿಂಗಳು ಕಳೆದ ಮೇಲೆ, ಹದಿನೆಂಟು ತಿಂಗಳ ಒಳಗೆ ಇಬ್ಬರೂ ಮತ್ತೆ ಬಂದು "ನಮ್ಮ ತೀರ್ಮಾನ ಬದಲಾಗಿಲ್ಲ" ಎನ್ನಬೇಕು. ಕೋಪ ಇಳಿಯಲಿ, ಇನ್ನೊಮ್ಮೆ ಯೋಚಿಸಲಿ ಎಂದು ಕೊಟ್ಟ ಕಾಲಾವಕಾಶ ಇದು. ಡಿಕ್ರಿಗೆ ಮುಂಚೆ ಒಬ್ಬರು ಮನಸ್ಸು ಬದಲಿಸಿದರೂ ಈ ದಾರಿ ಮುಚ್ಚುತ್ತದೆ. ಬಹಳ ಕಾಲದಿಂದ ದೂರವಿದ್ದು, ಜೀವನಾಂಶ, ಮಕ್ಕಳ ಸುಪರ್ದಿ ಎಲ್ಲವನ್ನೂ ನಿಜವಾಗಿ ಇತ್ಯರ್ಥ ಮಾಡಿಕೊಂಡವರಿಗೆ ಈ ಆರು ತಿಂಗಳ ಕಾಯುವಿಕೆಯನ್ನು ನ್ಯಾಯಾಲಯ ಬಿಟ್ಟುಕೊಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಎರಡನೆಯದು ಒಬ್ಬರು ಬೇಕು, ಇನ್ನೊಬ್ಬರು ಬೇಡ ಎನ್ನುವ ದಾರಿ. ಕ್ರೌರ್ಯ, ಎರಡು ವರ್ಷ ತೊರೆದು ಹೋಗಿರುವುದು ಮುಂತಾದ ಕಾರಣಗಳನ್ನು ಸಾಕ್ಷಿ ಸಮೇತ ತೋರಿಸಬೇಕು. ಇದು ಉದ್ದದ ದಾರಿ. ವಾಯಿದೆ ಮೇಲೆ ವಾಯಿದೆ ಬೀಳುತ್ತದೆ. ಕ್ರೈಸ್ತರಿಗೆ, ಮುಸ್ಲಿಮರಿಗೆ, ಪಾರ್ಸಿಗಳಿಗೆ, ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ ಬೇರೆ ಬೇರೆ ಕಾನೂನುಗಳಿವೆ. ಆದರೆ ಮಕ್ಕಳ ವಿಷಯಕ್ಕೆ ಬಂದಾಗ ಎಲ್ಲ ಕಡೆಯೂ ನ್ಯಾಯಾಲಯ ಮುಖ್ಯವಾಗಿ ನೋಡುವುದು ಒಂದನ್ನೇ: ಈ ಮಗುವಿಗೆ ಯಾವುದು ಒಳ್ಳೆಯದು?

ಯಾರ ಹತ್ತಿರ ಇರುವುದು?

ಈಗ ನಿನ್ನ ಪ್ರಶ್ನೆ ಪುಟ್ಟಿ. ಮಗು ಯಾರ ಬಳಿ ಬೆಳೆಯಬೇಕು ಎನ್ನುವುದಕ್ಕೆ ಕಾನೂನಿನ ಭಾಷೆಯಲ್ಲಿ ಸುಪರ್ದಿ ಎನ್ನುತ್ತಾರೆ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪೋಷಕತ್ವದ ಕಾಯ್ದೆಯಲ್ಲಿ ಮಗುವಿನ ಹಿತವೇ ಎಲ್ಲಕ್ಕಿಂತ ದೊಡ್ಡದು ಎಂದಿದೆ. ಅಪ್ಪನ ಸಂಬಳ ಎಷ್ಟು, ಅಮ್ಮನ ಮನೆ ಎಷ್ಟು ದೊಡ್ಡದು ಎಂಬುದು ಅದರ ಮುಂದೆ ಸಣ್ಣದು. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ.

ನಿನ್ನಂಥ ದೊಡ್ಡ ಮಕ್ಕಳ ಮಾತನ್ನು ನ್ಯಾಯಾಧೀಶರು ಕೇಳಬಹುದು. 1890ರ ಹಳೆಯ ಪೋಷಕರ ಮತ್ತು ಪಾಲ್ಯರ ಕಾಯ್ದೆಯಲ್ಲೇ ಈ ಮಾತಿದೆ: ತಿಳಿದು ಹೇಳುವಷ್ಟು ವಯಸ್ಸಾದ ಮಗುವಿನ ಇಷ್ಟವನ್ನು ನ್ಯಾಯಾಲಯ ಗಣನೆಗೆ ತೆಗೆದುಕೊಳ್ಳಬಹುದು. 'ಗಣನೆಗೆ ತೆಗೆದುಕೊಳ್ಳಬಹುದು' ಎಂಬ ಮಾತನ್ನು ಚೆನ್ನಾಗಿ ಗಮನಿಸು. ತೀರ್ಮಾನ ಮಾಡುವ ಭಾರವನ್ನು ನಿನ್ನ ತಲೆಗೆ ಕಟ್ಟಿಲ್ಲ. ತೀರ್ಮಾನ ಜಡ್ಜ್ ಅವರದು. ಅಪ್ಪನಿಗೋ ಅಮ್ಮನಿಗೋ ನೀನು ಮಾರ್ಕ್ಸ್ ಕೊಡುತ್ತಿಲ್ಲ.

ನಾನು ವಕೀಲಿಕೆ ಮಾಡುತ್ತಿದ್ದಾಗ ನೋಡಿದ್ದನ್ನು ಹೇಳುತ್ತೇನೆ. ಜಡ್ಜ್ ಸಾಮಾನ್ಯವಾಗಿ ಮಗುವನ್ನು ತುಂಬಿದ ಹಾಲ್‌ನಲ್ಲಿ ನಿಲ್ಲಿಸಿ ಕೇಳುವುದಿಲ್ಲ. ತಮ್ಮ ಚೇಂಬರಿಗೆ ಕರೆಸಿಕೊಳ್ಳುತ್ತಾರೆ. ಯಾವ ಶಾಲೆ, ಗೆಳತಿಯರು ಯಾರು, ಹೋಂವರ್ಕ್ ಮಾಡಿಸುವವರು ಯಾರು, ಜ್ವರ ಬಂದರೆ ಹತ್ತಿರ ಯಾರಿರುತ್ತಾರೆ ಎಂದು ಕೇಳುತ್ತಾರೆ. ನಿನಗೆ ಇದ್ದದ್ದನ್ನು ಇದ್ದ ಹಾಗೆ ಹೇಳು. "ನನಗೆ ಇಬ್ಬರೂ ಬೇಕು" ಎನ್ನುವುದೂ ಉತ್ತರವೇ. "ನನಗೆ ಗೊತ್ತಿಲ್ಲ" ಎನ್ನುವುದೂ ಉತ್ತರವೇ. "ಶಾಲೆ ಬದಲಾಗುವುದು ಬೇಡ" ಎಂದು ಹೇಳಬಹುದು. "ಹೀಗೆ ಹೇಳು ಅಂತ ಹೇಳಿಕೊಟ್ಟಿದ್ದಾರೆ" ಎಂದಿದ್ದರೆ ಅದನ್ನೂ ಹೇಳಬಹುದು. ಯಾರನ್ನು ಕಂಡರಾದರೂ ಭಯವಾಗುತ್ತಿದ್ದರೆ ಅದನ್ನು ಖಂಡಿತ ಹೇಳಬೇಕು. ಇಂಥ ಪ್ರಕರಣಗಳ ವಿಚಾರಣೆ ಮುಚ್ಚಿದ ಕೋಣೆಯಲ್ಲಿ ನಡೆಯುತ್ತದೆ. ನಡೆದದ್ದನ್ನು ಪತ್ರಿಕೆಯಲ್ಲಿ ಅಚ್ಚು ಹಾಕುವುದನ್ನು ಹಿಂದೂ ವಿವಾಹ ಕಾಯ್ದೆಯೇ ತಡೆಯುತ್ತದೆ. ನಿನ್ನ ಹೆಸರನ್ನು ನಾನು ಬರೆಯದಿರುವುದಕ್ಕೆ ಕಾರಣ ತಿಳಿಯಿತಲ್ಲ?

ಇನ್ನೊಂದು ಮಾತು. ಮಗುವಿನ ಕುರಿತ ಆದೇಶ ಕಲ್ಲಿನ ಮೇಲಿನ ಶಾಸನವಲ್ಲ. ನೀನು ಬೆಳೆದಂತೆ, ಪರಿಸ್ಥಿತಿ ಬದಲಾದಂತೆ ಅದನ್ನು ತಿದ್ದಿ ಎಂದು ನ್ಯಾಯಾಲಯವನ್ನು ಕೇಳಲು ಅವಕಾಶವಿದೆ.

ಒಬ್ಬರ ಮನೆಯಲ್ಲಿದ್ದರೆ ಇನ್ನೊಬ್ಬರನ್ನು ಕಳೆದುಕೊಂಡ ಹಾಗೂ ಅಲ್ಲ. ವಾರದ ಒಂದು ದಿನ, ಹಬ್ಬ, ಬೇಸಿಗೆ ರಜೆ ಎಂದು ಭೇಟಿಯ ಸಮಯವನ್ನು ನ್ಯಾಯಾಲಯ ಗೊತ್ತುಮಾಡುತ್ತದೆ. ಅಪ್ಪ ಅಮ್ಮ ಇಬ್ಬರ ಪ್ರೀತಿಯೂ ಮಗುವಿನ ಮೂಲಭೂತ ಮಾನವ ಹಕ್ಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ವಿಶೇಷ ಕಾರಣವಿಲ್ಲದಿದ್ದರೆ, ದೂರವಿರುವ ಅಪ್ಪ ಅಥವಾ ಅಮ್ಮ ದಿನಕ್ಕೆ ಐದು ಹತ್ತು ನಿಮಿಷವಾದರೂ ಮಗುವಿನೊಡನೆ ಮಾತಾಡುವಂತಿರಬೇಕು, ವೀಡಿಯೊ ಕಾಲ್ ಆದರೆ ಇನ್ನೂ ಒಳ್ಳೆಯದು ಎಂದೂ ಅದೇ ತೀರ್ಪಿನಲ್ಲಿದೆ. ಆ ಹತ್ತು ನಿಮಿಷವನ್ನು ನಿನ್ನಿಂದ ಯಾರೂ ಸುಮ್ಮಸುಮ್ಮನೆ ಕಸಿದುಕೊಳ್ಳುವಂತಿಲ್ಲ.

ಅಜ್ಜನವರಿಗೆ

ಅಜ್ಜನವರೇ, ನಿಮ್ಮ ಪ್ರಶ್ನೆಗೆ ನೇರ ಉತ್ತರ ಕೊಡುತ್ತೇನೆ. 'ಅಜ್ಜ ಅಜ್ಜಿಯ ಭೇಟಿಯ ಹಕ್ಕು' ಎಂದು ಬರೆದಿಟ್ಟ ಪ್ರತ್ಯೇಕ ಕಲಂ ಈ ಕಾಯ್ದೆಗಳಲ್ಲಿ ಇಲ್ಲ. ಹಾಗೆಂದು ಬಾಗಿಲು ಮುಚ್ಚಿಲ್ಲ. ನ್ಯಾಯಾಲಯ ನೋಡುವುದು ಮಗುವಿನ ಹಿತ. ನಿಮ್ಮ ಒಡನಾಟ ಅವನಿಗೆ ಒಳ್ಳೆಯದು ಎಂದು ತೋರಿಸಿಕೊಟ್ಟರೆ ಭೇಟಿಗೆ ಅವಕಾಶ ಸಿಗಬಹುದು. ಸುಲಭದ ದಾರಿ ಎಂದರೆ, ನಿಮ್ಮ ಮಗನಿಗೆ ಸಿಗುವ ಭೇಟಿಯ ದಿನದಲ್ಲೇ ಅಜ್ಜ ಅಜ್ಜಿಯೂ ಇರಬಹುದು ಎಂದು ಒಪ್ಪಂದದಲ್ಲಿ ಬರೆಸುವುದು. ಮಧ್ಯಸ್ಥಿಕೆಯ ಮಾತುಕತೆಯಲ್ಲಿ ಇದನ್ನು ಕೇಳಿ. ಅದಾಗದಿದ್ದರೆ ವಕೀಲರ ಮೂಲಕ ಅರ್ಜಿ ಹಾಕಿಸಿ.

ಅಜ್ಜ ಅಜ್ಜಿಯರ ಪ್ರೀತಿಗೆ ನ್ಯಾಯಾಲಯ ಬೆಲೆ ಕೊಟ್ಟ ಉದಾಹರಣೆಯೂ ಇದೆ. ಕೋವಿಡ್‌ನಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಗುಜರಾತಿನ ಪುಟ್ಟ ಹುಡುಗನೊಬ್ಬ ತಾಯಿಯ ಸಹೋದರಿಯ ಬಳಿ ಇರಬೇಕೋ, ತಂದೆಯ ಅಪ್ಪ ಅಮ್ಮನ ಬಳಿಯೋ ಎಂಬ ಪ್ರಶ್ನೆ 2022ರಲ್ಲಿ ಸುಪ್ರೀಂ ಕೋರ್ಟಿಗೆ ಬಂತು. ಆಕೆಗೆ ಸರ್ಕಾರಿ ನೌಕರಿಯಿತ್ತು, ವಯಸ್ಸೂ ಕಡಿಮೆ. ಆದರೂ ಹುಡುಗನನ್ನು ಅಜ್ಜ ಅಜ್ಜಿಗೆ ಒಪ್ಪಿಸಿದರು. ಅದು ವಿಚ್ಛೇದನದ ಪ್ರಕರಣವಲ್ಲ ನಿಜ. ಆದರೆ ವಯಸ್ಸು, ಆದಾಯ ಇವೆರಡರಿಂದಲೇ ಅಜ್ಜ ಅಜ್ಜಿಯರನ್ನು ಪಕ್ಕಕ್ಕೆ ಸರಿಸಬಾರದು ಎಂಬುದು ಅದರಿಂದ ತಿಳಿಯುತ್ತದೆ.

ಕಾನೂನಿನ ಜೊತೆಗೆ ನಿಮ್ಮ ಕೈಯಲ್ಲೇ ಇರುವ ಒಂದು ಕೆಲಸವಿದೆ. ಮೊಮ್ಮಗ ಸಿಕ್ಕಾಗ, ಫೋನಿನಲ್ಲೇ ಆಗಲಿ, ಅವನ ಅಮ್ಮನ ಬಗ್ಗೆ ಒಂದು ಕೆಟ್ಟ ಮಾತೂ ಬೇಡ. "ಅಲ್ಲಿ ನಮ್ಮ ಬಗ್ಗೆ ಏನು ಹೇಳುತ್ತಾರೆ?" ಎಂಬ ಪ್ರಶ್ನೆ ಬೇಡ. ನಿಮ್ಮ ಸೊಸೆ ನಿಮಗೆ ಸೊಸೆಯಾಗಿ ಉಳಿಯದಿರಬಹುದು, ಅವನಿಗೆ ಆಕೆ ಕೊನೆಯವರೆಗೂ ಅಮ್ಮ. ಆಕೆಯನ್ನು ಬೈದರೆ ಅವನಲ್ಲಿ ಅರ್ಧವನ್ನು ಬೈದಂತೆ. ತಾಯಿಯ ಕಡೆಯ ಅಜ್ಜ ಅಜ್ಜಿಯರಿಗೂ ಇದೇ ಮಾತು. ಮೊಮ್ಮಗ ತಂದೆಯ ಮನೆಗೆ ಹೋಗಿ ಬಂದಾಗ ಪೊಲೀಸರಂತೆ ವಿಚಾರಿಸಬೇಡಿ. "ಊಟ ಏನಿತ್ತು?" ಎಂದು ಕೇಳಿ ಸುಮ್ಮನಾಗಿ. ಎರಡೂ ಮನೆಯವರು ಹೀಗಿದ್ದರೆ ಭೇಟಿಯ ದಿನ ಮಗುವಿಗೆ ಪರೀಕ್ಷೆಯ ದಿನವಾಗುವುದಿಲ್ಲ.

ಮಕ್ಕಳಿಗೆ ನಾಲ್ಕು ಮಾತು

ಅಪ್ಪ ಅಮ್ಮ ಬೇರೆಯಾಗುವುದಕ್ಕೆ ನೀವು ಕಾರಣರಲ್ಲ. ಮಾರ್ಕ್ಸ್ ಕಡಿಮೆ ಬಂತು, ಹಟ ಮಾಡಿದೆ, ಅದಕ್ಕೇ ಹೀಗಾಯಿತು ಎಂದು ಅಂದುಕೊಳ್ಳಬೇಡಿ.

ನೀವು ಅಂಚೆಯಣ್ಣ ಅಲ್ಲ. "ನಿಮ್ಮಪ್ಪನಿಗೆ ಹೀಗೆ ಹೇಳು" ಎಂದರೆ "ನೀವೇ ಹೇಳಿ" ಎಂದು ಮೆಲ್ಲಗೆ ಹೇಳಬಹುದು. ಅದು ಎದುರುತ್ತರವಲ್ಲ.

ಅಳು ಬಂದರೆ ಅಳಿ. ಒಬ್ಬ ಟೀಚರಿಗೋ, ಅಜ್ಜಿಗೋ, ಅತ್ತೆಗೋ ಮನಸ್ಸಿನಲ್ಲಿದ್ದದ್ದನ್ನು ಹೇಳಿ. ಗೆಳೆಯನೊಬ್ಬನ ಮನೆಯಲ್ಲಿ ಹೀಗಾಗಿದ್ದರೆ ಪ್ರಶ್ನೆ ಕೇಳಿ ಕಾಡಬೇಡಿ, ಆಟಕ್ಕೆ ಕರೆಯಿರಿ.

ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ ಅದು ದೊಡ್ಡವರ ಸ್ವಂತ ವಿಷಯ ಎಂದು ಸುಮ್ಮನಿರಬೇಡಿ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ಯಾವ ಫೋನಿನಿಂದ ಕರೆ ಮಾಡಿದರೂ ದುಡ್ಡಿಲ್ಲ.

ದೊಡ್ಡವರಿಗೂ ಒಂದು ಸಂಖ್ಯೆ ಇರಲಿ: 15100. ಇದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಒಂದು ಅರ್ಜಿ ಕೊಟ್ಟರಾಯಿತು. ದುಡ್ಡಿಲ್ಲ ಎಂದು ಯಾವ ತಾಯಿಯೂ ಮಗುವಿನ ಜೀವನಾಂಶವನ್ನು ಬಿಟ್ಟುಕೊಡಬೇಕಾಗಿಲ್ಲ.

ಇದನ್ನು ಓದಿದ ಮೇಲೆ ಅಜ್ಜ ಅಜ್ಜಿ, ಮೊಮ್ಮಕ್ಕಳು ಕೂತು ಐದು ನಿಮಿಷ ಮಾತಾಡಿ. ಇನ್ನೂ ಏನಾದರೂ ಅರ್ಥವಾಗದಿದ್ದರೆ ನನಗೆ ಬರೆಯಿರಿ, ಹೆಸರು ಗುಟ್ಟಾಗಿ ಇರುತ್ತದೆ. ಮುಂದಿನ ವಾರ ಉಯಿಲಿನ ವಿಷಯ: ಅಜ್ಜಿಯ ಓಲೆ ಯಾರಿಗೆ ಸೇರಬೇಕು?