ಬಾಹುಬಲಿ ಸೂಪರ್‌ಹೀರೋ ಅಲ್ಲ

ಎಸ್. ಎಸ್. ರಾಜಮೌಳಿ ನಿರ್ದೇಶಿಸಿದ ‘ಬಾಹುಬಲಿ’ ಚಿತ್ರದ ಮೊದಲ ಭಾಗ 2015ರ ಜುಲೈ 10ರಂದು, ಎರಡನೆಯ ಭಾಗ 2017ರ ಏಪ್ರಿಲ್ 28ರಂದು ತೆರೆಕಂಡವು. ಅಂದಿನಿಂದ ಪ್ರೇಕ್ಷಕ ವಲಯದಲ್ಲಿ ಒಂದು ಅಭಿಪ್ರಾಯ ಬೇರುಬಿಟ್ಟಿದೆ. ಅಮೆರಿಕಕ್ಕೆ ಸೂಪರ್‌ಮ್ಯಾನ್ ಇದ್ದರೆ ಭಾರತಕ್ಕೆ ಬಾಹುಬಲಿ ಇದ್ದಾನೆ ಎಂಬುದು ಅದರ ಸಾರಾಂಶ. ಇಷ್ಟಕ್ಕೇ ನಿಂತಿದ್ದರೆ ಅದನ್ನು ಅಭಿಮಾನದ ಮಾತೆಂದು ಬಿಟ್ಟುಬಿಡಬಹುದಿತ್ತು. ಆದರೆ ಅಭಿಪ್ರಾಯ ಮುಂದುವರಿದು, ಶ್ರವಣಬೆಳಗೊಳದ ಬೆಟ್ಟದ ಮೇಲೆ ನಿಂತಿರುವ ಬಾಹುಬಲಿಯೇ ಈ ನೆಲದ ಮೊದಲ ಸೂಪರ್‌ಹೀರೋ, ಮರೆತಿದ್ದ ಅವನ ಹೆಸರನ್ನು ಚಿತ್ರವು ಜಗತ್ತಿಗೆ ಮರಳಿ ಕೊಟ್ಟಿತು ಎನ್ನುತ್ತದೆ. ಇಲ್ಲಿಗೆ ಅದು ಸಾಹಿತ್ಯಚರಿತ್ರೆಯ ಕುರಿತಾದ ಹೇಳಿಕೆಯಾಗುತ್ತದೆ. ಹೇಳಿಕೆಯಾಗಿ ಅದು ತಪ್ಪು.

ಮೊದಲು ಚಿತ್ರಕ್ಕೆ ಸಲ್ಲಬೇಕಾದುದನ್ನು ಸಲ್ಲಿಸಬೇಕು. ಹೆಸರು ಯಾರ ಸ್ವತ್ತೂ ಅಲ್ಲ. ‘ಬಾಹುಬಲಿ’ ಎಂದರೆ ತೋಳ್ಬಲವುಳ್ಳವನು, ಆ ಹೆಸರನ್ನು ಯಾವ ಕಥಾನಾಯಕನಿಗೂ ಇಡಬಹುದು. ಮಾಹಿಷ್ಮತಿಯ ಕಥೆ ಭರತ-ಬಾಹುಬಲಿಯರ ಕಥೆಯೆಂದು ಚಿತ್ರವೇ ಎಲ್ಲಿಯೂ ಹೇಳಿಕೊಂಡಿಲ್ಲ. ಮೊದಲ ಭಾಗದಲ್ಲಿ ಕಾಲಕೇಯರ ಒಡೆಯನನ್ನು ಕೊಂದವನು ಭಲ್ಲಾಳದೇವನಾದರೂ, ಜನರ ಪ್ರಾಣ ಕಾಪಾಡಿದ ಅಮರೇಂದ್ರನನ್ನೇ ಶಿವಗಾಮಿ ಅರಸನೆಂದು ಸಾರುತ್ತಾಳೆ. ಕೊಲ್ಲುವುದಕ್ಕಿಂತ ಕಾಯುವುದು ದೊಡ್ಡದೆಂಬ ಈ ವಿವೇಕ ಜನಪ್ರಿಯ ಚಿತ್ರಗಳಲ್ಲಿ ವಿರಳ. ಎರಡನೆಯ ಭಾಗದಲ್ಲಿ ದೇವಸೇನೆಗೆ ಕೊಟ್ಟ ಮಾತಿಗಾಗಿ ಆತ ಸಿಂಹಾಸನವನ್ನೂ ಬಿಡುತ್ತಾನೆ.

ಈ ಸಿಂಹಾಸನತ್ಯಾಗವನ್ನೇ ಹಿಡಿದು, ಚಿತ್ರದ ನಾಯಕನಲ್ಲಿ ಪಂಪನ ಬಾಹುಬಲಿಯ ನೆರಳಿದೆ ಎಂದು ವಾದಿಸುವವರು ಇರಬಹುದು. ಚಿತ್ರದ ಅಭಿಮಾನಿಗಳ ಬತ್ತಳಿಕೆಯಲ್ಲಿರುವ ಗಟ್ಟಿಯಾದ ವಾದ ಇದೊಂದೇ. ಹಾಗಾಗಿ ಎರಡೂ ತ್ಯಾಗಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಅಗತ್ಯ.

ಕ್ರಿ.ಶ. 941ರ ‘ಆದಿಪುರಾಣ’ದಲ್ಲಿ ಪಂಪನು ಜಿನಸೇನರ ಸಂಸ್ಕೃತ ಕೃತಿಯನ್ನು ಅನುಸರಿಸಿ ಈ ಪ್ರಸಂಗವನ್ನು ನಿರೂಪಿಸಿದ್ದಾನೆ. ದಿಗ್ವಿಜಯ ಮುಗಿಸಿ ಬಂದ ಭರತನಿಗೆ ತಮ್ಮ ಬಾಹುಬಲಿ ಎರಗುವುದಿಲ್ಲ. ಸೇನೆಗಳು ಎದುರುಬದುರಾಗಿ ನಿಂತಾಗ, ಅಣ್ಣತಮ್ಮಂದಿರ ಕಲಹದಲ್ಲಿ ಸೈನಿಕರೇಕೆ ಸಾಯಬೇಕೆಂದು ಮಂತ್ರಿಗಳು ಧರ್ಮಯುದ್ಧವನ್ನು ಸೂಚಿಸುತ್ತಾರೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ಗೆಲುವು ಬಾಹುಬಲಿಯದೇ. ಜೈನಪರಂಪರೆಯ ಲೆಕ್ಕದಲ್ಲಿ ಭರತ 500 ಬಿಲ್ಲು ಎತ್ತರದವನು, ಬಾಹುಬಲಿ 525 ಬಿಲ್ಲು. ಅತಿಮಾನುಷ ಮೈಕಟ್ಟೇ ಸೂಪರ್‌ಹೀರೋನ ಲಕ್ಷಣವಾಗಿದ್ದರೆ ಇಲ್ಲಿ ಅದಕ್ಕೇನೂ ಕೊರತೆಯಿಲ್ಲ.

ಆದರೆ ಕಾವ್ಯ ತಿರುಗುವುದು ಈ ಗೆಲುವಿನ ತುದಿಯಲ್ಲಿ. ಮಲ್ಲಯುದ್ಧದಲ್ಲಿ ಅಣ್ಣನನ್ನು ಮೇಲೆತ್ತಿದ ಬಾಹುಬಲಿ ಅವನನ್ನು ನೆಲಕ್ಕೆ ಅಪ್ಪಳಿಸದೆ ಗೌರವದಿಂದ ಇಳಿಸುತ್ತಾನೆ. ಸೋತ ಭರತ ಕೋಪದಿಂದ ಚಕ್ರರತ್ನವನ್ನು ಪ್ರಯೋಗಿಸುತ್ತಾನೆ. ಅದು ಬಾಹುಬಲಿಗೆ ಪ್ರದಕ್ಷಿಣೆ ಬಂದು ನಿಲ್ಲುತ್ತದೆ. ಶತ್ರುವಿನ ಕೊನೆಯ ಆಯುಧವೂ ನಿಷ್ಫಲವಾಗಿದೆ, ಭೂಮಂಡಲ ಕೈಗೆ ಬಂದಿದೆ. ಯಾವ ಸೂಪರ್‌ಹೀರೋ ಚಿತ್ರವಾದರೂ ಇಲ್ಲಿ ಜಯಘೋಷ ಮೊಳಗಿಸುತ್ತದೆ. ಪಂಪನ ನಾಯಕನಿಗೆ ಹುಟ್ಟುವುದು ಹೇಸಿಗೆ. ಅಣ್ಣನನ್ನು ಈ ಸ್ಥಿತಿಗೆ ಇಳಿಸಿದ ರಾಜ್ಯ ತನಗೆ ಬೇಡವೆಂದು ಆತ ಗೆದ್ದ ಗಳಿಗೆಯಲ್ಲಿಯೇ ಹೊರಟುಬಿಡುತ್ತಾನೆ.

ಅಮರೇಂದ್ರನದು ಬೇರೆಯೇ ಬಗೆಯ ತ್ಯಾಗ. ಆತ ಬಿಟ್ಟ ಸಿಂಹಾಸನವನ್ನು ಚಿತ್ರಕಥೆ ಬಿಡುವುದಿಲ್ಲ. ಜನರ ಜಯಕಾರ ಅವನ ಬೆನ್ನಿಗೇ ಇರುತ್ತದೆ. ಅವನ ಸಾವಿನ ಸಾಲವನ್ನು ಮಗ ಮಹೇಂದ್ರ ತೀರಿಸುತ್ತಾನೆ. ದೇವಸೇನೆ ವರ್ಷಗಟ್ಟಲೆ ಪುಳ್ಳೆ ಆಯ್ದು ಒಟ್ಟಿದ ಚಿತೆಯಲ್ಲಿ ಭಲ್ಲಾಳದೇವ ಜೀವಂತ ಉರಿದುಹೋಗುತ್ತಾನೆ. ತ್ಯಾಗವಿಲ್ಲಿ ಸೇಡಿಗೆ ಇಟ್ಟ ಮೂಲಧನ. ಕೊನೆಯ ಅರ್ಧಗಂಟೆಯಲ್ಲಿ ಅದು ಬಡ್ಡಿಸಮೇತ ಹಿಂದಿರುಗುತ್ತದೆ. ಪಂಪನ ಬಾಹುಬಲಿ ಬಿಟ್ಟದ್ದನ್ನು ಯಾರೂ ಅವನಿಗೆ ಮರಳಿ ಗೆದ್ದುಕೊಡುವುದಿಲ್ಲ. ಆತ ಪ್ರತಿಮಾಯೋಗದಲ್ಲಿ ಒಂದು ವರ್ಷ ನಿಲ್ಲುತ್ತಾನೆ. ಹುತ್ತ ಬೆಳೆಯುತ್ತದೆ, ಬಳ್ಳಿ ಹಬ್ಬುತ್ತದೆ. ಆದರೂ ಅಣ್ಣನಿಗೆ ತನ್ನಿಂದ ನೋವಾಯಿತೆಂಬ ಕಿಂಚಿತ್ ಶಲ್ಯ ಉಳಿದಿರುವವರೆಗೆ ಕೇವಲಜ್ಞಾನ ಲಭಿಸುವುದಿಲ್ಲ. ಭರತನೇ ಬಂದು ಪೂಜಿಸಬೇಕಾಗುತ್ತದೆ. ಎದುರಾಳಿಯ ನೋವು ನಾಯಕನ ಮುಕ್ತಿಗೆ ತೊಡಕಾಗುವ ಇಂಥ ಕಥೆಯನ್ನು ಸೂಪರ್‌ಹೀರೋ ಎಂಬ ಅಚ್ಚಿಗೆ ಸುರಿಯಲು ಬಾರದು. ಆ ಅಚ್ಚಿಗೆ ಖಳನ ನಾಶ ಬೇಕೇ ಬೇಕು.

ಪ್ರತಿಮೆಗಳೂ ಇದನ್ನೇ ಹೇಳುತ್ತವೆ. ಚಿತ್ರದಲ್ಲಿ ಭಲ್ಲಾಳದೇವ ತನ್ನದೇ ಬಂಗಾರದ ಬೃಹತ್ ಪ್ರತಿಮೆಯನ್ನು ಗುಲಾಮರಿಂದ ಎತ್ತಿಸಿ ನಿಲ್ಲಿಸುತ್ತಾನೆ. ಕೊನೆಗೆ ಅದರ ತಲೆ ಜಲಪಾತದ ಪಾಲಾಗುತ್ತದೆ. ಶ್ರವಣಬೆಳಗೊಳದಲ್ಲಿ ಚಾವುಂಡರಾಯ ಕ್ರಿ.ಶ. 981ರ ಸುಮಾರಿಗೆ ನಿಲ್ಲಿಸಿದ ಸುಮಾರು 58 ಅಡಿಯ ಏಕಶಿಲಾಮೂರ್ತಿ ಅವನ ಸ್ವಂತ ಮೂರ್ತಿಯಲ್ಲ. ಆಯುಧವಿಲ್ಲದ, ಉಡುಗೆಯಿಲ್ಲದ, ಎಲ್ಲವನ್ನೂ ಬಿಟ್ಟ ಒಬ್ಬನ ಮೂರ್ತಿ ಅದು. ಅದನ್ನು ಮಾಡಿಸಿದೆನೆಂಬ ಅಹಂಕಾರಕ್ಕೂ ಐತಿಹ್ಯವು ಅಲ್ಲಿ ಎಡೆಗೊಡಲಿಲ್ಲ. ದಂಡನಾಯಕನ ಕೊಡಗಟ್ಟಲೆ ಹಾಲು ಮೂರ್ತಿಯನ್ನು ಪೂರ್ತಿ ತೋಯಿಸದೆ, ಗುಳ್ಳಕಾಯಜ್ಜಿಯ ಪುಟ್ಟ ಗುಳ್ಳಕಾಯಿಯ ಹಾಲು ಪಾದ ಮುಟ್ಟಿತಂತೆ. ಕಾವ್ಯಮೀಮಾಂಸೆ ಯುದ್ಧವೀರನೊಡನೆ ದಾನವೀರ, ಧರ್ಮವೀರ, ದಯಾವೀರರನ್ನೂ ಎಣಿಸಿತ್ತು. ಸೂಪರ್‌ಹೀರೋ ಪರಿಕಲ್ಪನೆ ಈ ನಾಲ್ವರಲ್ಲಿ ಮೂವರನ್ನು ಮೊದಲನೆಯವನ ಆಳುಗಳನ್ನಾಗಿ ಮಾಡುತ್ತದೆ.

ಪರಂಪರೆಯನ್ನು ಯಾರೂ ಬದಲಿಸಬಾರದೆಂಬುದು ಈ ಆಕ್ಷೇಪದ ತಾತ್ಪರ್ಯವಲ್ಲ. ಹದಿನಾರನೆಯ ಶತಮಾನದ ರತ್ನಾಕರವರ್ಣಿ ‘ಭರತೇಶವೈಭವ’ದಲ್ಲಿ ಇದೇ ಪ್ರಸಂಗವನ್ನು ಧೈರ್ಯವಾಗಿ ಬದಲಿಸಿದ; ಅಲ್ಲಿ ಭರತನ ಮೃದುವಾದ ಮಾತೇ ಕಾಳಗದ ಜಾಗವನ್ನು ತುಂಬುತ್ತದೆ. ಆದರೆ ಬದಲಾವಣೆಯ ದಿಕ್ಕನ್ನು ಗಮನಿಸಬೇಕು. ಇದ್ದ ಹಿಂಸೆಯನ್ನೂ ರತ್ನಾಕರ ಇಳಿಸಿದ. ಪ್ರೇಕ್ಷಕರ ಈ ಅಭಿಪ್ರಾಯವಾದರೋ ಬಾಹುಬಲಿ ಬಿಟ್ಟುಹೋದ ಆಯುಧವನ್ನು ಮತ್ತೆ ಅವನ ಕೈಗೆ ತುರುಕುತ್ತದೆ. ಕನ್ನಡದ ಕವಿಗಳೇನು ವೀರಾರಾಧಕರಲ್ಲವೇ, ಅರಿಕೇಸರಿಯನ್ನು ಅರ್ಜುನನಿಗೆ, ಸತ್ಯಾಶ್ರಯನನ್ನು ಭೀಮನಿಗೆ ಸಮೀಕರಿಸಿದವರಲ್ಲವೇ ಎಂಬ ಪ್ರಶ್ನೆಯೂ ಬರಬಹುದು. ಹೌದು, ಸಮೀಕರಿಸಿದರು. ಆದರೂ ಪಂಪನ ಭಾರತದಲ್ಲಿ ಓದುಗನ ಮನಸ್ಸು ಕರ್ಣನ ಬಳಿ ನಿಲ್ಲುತ್ತದೆ. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನನ ಬಳಿ. ಆಶ್ರಯದಾತನನ್ನು ಹೊಗಳುವಾಗಲೂ ಸೋತವನ ಘನತೆಯನ್ನು ಈ ಕವಿಗಳು ಬಲಿಗೊಡಲಿಲ್ಲ.

2017ರಲ್ಲಿ ಎರಡನೆಯ ಭಾಗದ ಬಿಡುಗಡೆಯ ಮುನ್ನ ಕರ್ನಾಟಕದಲ್ಲಿ ದೊಡ್ಡ ವಿವಾದವೇ ಎದ್ದಿತ್ತು. ಅದು ಕಟ್ಟಪ್ಪನ ಪಾತ್ರಧಾರಿ ಸತ್ಯರಾಜ್ ಹಿಂದೆಂದೋ ಕಾವೇರಿ ವಿಷಯದಲ್ಲಿ ಆಡಿದ್ದ ಮಾತಿನ ಬಗ್ಗೆ. ಅವರು ವಿಷಾದ ವ್ಯಕ್ತಪಡಿಸಿದರು, ಚಿತ್ರ ತೆರೆಕಂಡಿತು, ವಿವಾದ ಮುಗಿಯಿತು. ಕನ್ನಡದ ಮೊದಲ ಮಹಾಕವಿ ರೂಪಿಸಿದ ಒಂದು ಹೆಸರಿನ ಅರ್ಥ ಏನಾಗುತ್ತಿದೆ ಎಂಬ ಪ್ರಶ್ನೆ ಆ ಗದ್ದಲದಲ್ಲಿ ಮುನ್ನೆಲೆಗೆ ಬರಲಿಲ್ಲ.

ಇದರ ನಷ್ಟ ತರಗತಿಗಳಲ್ಲಿ ಸಂಭವಿಸುತ್ತದೆ. ಚನ್ನಗಿರಿ ಸೀಮೆಯ ಕೆರೆಬಿಳಚಿಯಂಥ ಊರಿನಿಂದ ಪದವಿ ತರಗತಿಗೆ ಬರುವ ಹುಡುಗನೋ ಹುಡುಗಿಯೋ ‘ಬಾಹುಬಲಿ’ ಎಂಬ ಹೆಸರನ್ನು ಮೊದಲು ಕೇಳುವುದು ತೆರೆಯ ಮೇಲೆ. ಆದಿಪುರಾಣದ ಪಾಠ ಆಮೇಲೆ ಬರುತ್ತದೆ. ಅದಕ್ಕೆ ವಿದ್ಯಾರ್ಥಿಯನ್ನು ದೂರುವಂತಿಲ್ಲ. ದೂರಬೇಕಾದದ್ದು, ಆಸಕ್ತಿ ಹುಟ್ಟಿಸುವ ನೆಪದಲ್ಲಿ ಸೂಪರ್‌ಹೀರೋ ಎಂಬ ಪದವನ್ನೇ ವಿವರಣೆಯಾಗಿ ಬಳಸುವ ಬೋಧನೆಯನ್ನು, ಅದನ್ನೇ ಮರುಉಚ್ಚರಿಸುವ ವಿಮರ್ಶೆಯನ್ನು. ಆ ವಿದ್ಯಾರ್ಥಿಯ ಊರಿನ ಸಮೀಪದಲ್ಲಿಯೇ ಸೂಳೆಕೆರೆಯಿದೆ. ಎರಡು ಗುಡ್ಡಗಳ ನಡುವೆ ಹರಿದ್ರಾ ಹಳ್ಳಕ್ಕೆ ಅಡ್ಡಕಟ್ಟಿದ ಆ ಕೆರೆಯ ಐತಿಹ್ಯದಲ್ಲಿ ಜನ ನೆನೆಯುವುದು ಕೆರೆ ಕಟ್ಟಿಸಿದ ಶಾಂತವ್ವನನ್ನು, ತಮ್ಮ ನೆಲ ಬಿಟ್ಟುಕೊಟ್ಟು ಹೆಸರನ್ನಷ್ಟೇ ಬೇಡಿದ ವೇಶ್ಯೆಯರನ್ನು. ಯಾರನ್ನೋ ಕೊಂದವರ ನೆನಪು ಆ ನೀರಿನ ಮೇಲಿಲ್ಲ. ಬಿಟ್ಟುಕೊಟ್ಟವರೇ ದೊಡ್ಡವರು ಎಂಬ ತಿಳಿವಳಿಕೆ ಆ ವಿದ್ಯಾರ್ಥಿಗೆ ಊರಿನಿಂದಲೇ ಬಂದಿರುತ್ತದೆ. ಪಂಪನನ್ನು ಓದಲು ಹಾಲಿವುಡ್ಡಿನ ಮೆಟ್ಟಿಲು ಬೇಕಾಗಿಲ್ಲ.

ಆದಿಪುರಾಣದಲ್ಲಿಯೇ ಇನ್ನೊಂದು ದೃಶ್ಯವಿದೆ. ಆರು ಖಂಡಗಳನ್ನು ಗೆದ್ದ ಭರತ ತನ್ನ ಹೆಸರು ಕೆತ್ತಿಸಲು ವೃಷಭಾಚಲಕ್ಕೆ ಹೋದಾಗ ಬಂಡೆಯ ಮೇಲೆ ಜಾಗವೇ ಇರುವುದಿಲ್ಲ. ಹಿಂದಿನ ಚಕ್ರವರ್ತಿಗಳ ಹೆಸರುಗಳು ಅದನ್ನು ತುಂಬಿಬಿಟ್ಟಿವೆ. ಗರ್ವ ಕರಗಿದ ಭರತ ಒಂದು ಹೆಸರನ್ನು ಅಳಿಸಿ ತನ್ನದನ್ನು ಬರೆಸುತ್ತಾನೆ. ವರ್ಷಕ್ಕೊಬ್ಬರಂತೆ ಬರುವ ಸೂಪರ್‌ಹೀರೋಗಳ ಗತಿ ಆ ಬಂಡೆಯದು. ಬಾಹುಬಲಿಯ ಹೆಸರು ಆ ಬಂಡೆಯ ಮೇಲೆ ಇಲ್ಲ. ಅಲ್ಲಿ ಬರೆಸಿಕೊಳ್ಳುವ ಅಧಿಕಾರವನ್ನು ಗೆದ್ದೂ ಬಿಟ್ಟವನು ಅವನು. ಅವನನ್ನು ಮತ್ತೆ ಆ ಸಾಲಿಗೆ ಸೇರಿಸುವುದು ಗೌರವವಲ್ಲ.