ಕೊಲ್ಲಲಿಲ್ಲ, ಬಿಟ್ಟು ಬಂದೆವು

ನಮ್ಮ ಕೋಲಾರ ಸೀಮೆಯಲ್ಲಿ ಬೆಕ್ಕಿಗೆ ಬೆಕ್ಕು ಎನ್ನುವುದು ಪಾಠದ ಪುಸ್ತಕದಲ್ಲಿ ಮಾತ್ರ. ಮನೆಯಲ್ಲಿ ಅದು ಕೊತ್ತಿ. ಶ್ರೀನಿವಾಸಪುರ, ಮುಳಬಾಗಿಲು ಕಡೆಯ ತೆಲುಗು ಮಾತಿನ ಮನೆಗಳಲ್ಲಿ ಪಿಲ್ಲಿ. ಹೆಸರು ಯಾವುದಾದರೇನು, ಮುದಿಯಾದ ಮೇಲೆ ಅದಕ್ಕೆ ಕಾದಿರುವುದು ಒಂದೇ ಗೋಣಿಚೀಲ. ರಾತ್ರಿ ಹೊತ್ತು ಚೀಲದಲ್ಲಿ ತುಂಬಿ, ಬಾಯಿ ಕಟ್ಟಿ, ಸ್ಕೂಟರಿನ ಮುಂದೆ ಇಟ್ಟುಕೊಂಡು ಹೋಗಿ ಯಾವುದೋ ಮಾವಿನ ತೋಪಿನಲ್ಲೋ, ಮಾಲೂರು ಕಡೆಯ ಇಟ್ಟಿಗೆ ಗೂಡುಗಳ ಹಿಂದೆಯೋ ಬಿಚ್ಚಿ ಬರುತ್ತಾರೆ. ಬೆಳಿಗ್ಗೆ ಕೇಳಿದರೆ, "ಅಯ್ಯೋ, ಕೊಲ್ಲಲಿಲ್ಲ ಕಣ್ರೀ, ಬಿಟ್ಟು ಬಂದೆವು" ಎನ್ನುತ್ತಾರೆ. ಹಾಗೆನ್ನುವಾಗ ಮುಖದ ಮೇಲೆ ಪುಣ್ಯ ಕಟ್ಟಿಕೊಂಡವರ ಕಳೆ ಇರುತ್ತದೆ. ನನ್ನ ಜಗಳ ಆ ಕಳೆಯ ಜೊತೆಗೆ.

ಬೆಕ್ಕನ್ನು ಕೊಂದವರು ಚಿನ್ನದ ಬೆಕ್ಕು ಮಾಡಿಸಿ ಕಾಶಿಗೆ ಹೋಗಿ ದಾನ ಕೊಡಬೇಕು ಎಂದು ಹಿರಿಯರು ಹೇಳಿಟ್ಟರು. ನಮ್ಮ ಜಿಲ್ಲೆಯ ಚಿನ್ನದ ಗಣಿ ನಡೆಯುತ್ತಿದ್ದಾಗಲೂ ಅಷ್ಟು ಚಿನ್ನ ಬಿಚ್ಚುವ ಗಂಡು ಯಾರೂ ಇರಲಿಲ್ಲ; 2001ರಲ್ಲಿ ಗಣಿಯೇ ಮುಚ್ಚಿತು. ಹಾಗಾಗಿ ಗೋಣಿಚೀಲ ಸೋವಿಯಾಯಿತು. ಕೊಲ್ಲುವ ಕೆಲಸವನ್ನು ಹಸಿವಿಗೆ, ಬೀದಿನಾಯಿಗೆ, ರಾತ್ರಿಯ ಲಾರಿಗೆ ವಹಿಸಿದರೆ ಪಾಪವೂ ಅವುಗಳ ತಲೆಗೇ ಹೋಯಿತಲ್ಲ! ಹತ್ತು ಹನ್ನೆರಡು ವರ್ಷ ಒಂದೇ ಅಡಿಗೆಮನೆ, ಒಂದೇ ಜಗಲಿ ನೋಡಿದ ಪ್ರಾಣಿಗೆ ಹೊಸ ಜಾಗದಲ್ಲಿ ನೀರು ಎಲ್ಲಿದೆ ಎಂಬುದೂ ತಿಳಿಯದು. ಅಲ್ಲಿನ ಬೆಕ್ಕುಗಳು ಅದನ್ನು ಸೇರಿಸುವುದಿಲ್ಲ. ಹಲ್ಲು ಹೋದದ್ದು ಬೇಟೆಯಾಡುವುದು ಹೇಗೆ?

ಬೆಕ್ಕಿನ ಮೇಲೆ ನಾವು ಹೊರಿಸಿರುವ ಆಪಾದನೆಗಳೇನು ಕಡಿಮೆಯೇ? ಅಡ್ಡ ಬಂದರೆ ಅಪಶಕುನ, ಕಣ್ಣು ಮುಚ್ಚಿ ಹಾಲು ಕುಡಿದರೆ ಕಳ್ಳಿ. ನಾಯಿಗೆ ನಿಯತ್ತು, ಬೆಕ್ಕಿಗಿಲ್ಲ ಎಂಬ ತೀರ್ಪು ಬೇರೆ. ತೆನಾಲಿ ರಾಮಕೃಷ್ಣ ತನ್ನ ಬೆಕ್ಕಿಗೆ ಕುದಿಯುವ ಹಾಲಿಟ್ಟು ಬಾಯಿ ಸುಟ್ಟು, ಅದು ಹಾಲು ಕಂಡರೆ ಓಡುವಂತೆ ಮಾಡಿದ ಕಥೆಗೆ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾನು ಆ ಕಥೆ ಹೇಳಿದಾಗಲೆಲ್ಲ ಕೊನೆಗೊಂದು ಪ್ರಶ್ನೆ ಕೇಳುತ್ತೇನೆ: "ಆ ಬೆಕ್ಕಿನ ನಾಲಿಗೆ ಎಷ್ಟು ದಿನ ಉರಿದಿರಬೇಕು?" ತರಗತಿ ಗಪ್‌ಚಿಪ್ ಆಗುತ್ತದೆ.

ಇಲಿಯ ಅದೃಷ್ಟ ನೋಡಿ. ಮುಳಬಾಗಿಲ ಬಳಿಯ ಕುರುಡುಮಲೆಯಲ್ಲಿ ಆಳೆತ್ತರ ಮೀರಿದ ಗಣಪನಿಗೆ ಕೈಮುಗಿದು ಅವನ ಇಲಿಗೂ ಕೈಮುಗಿಯುತ್ತೇವೆ. ಅದೇ ಇಲಿಯಿಂದ 1898ರಲ್ಲಿ ಬೆಂಗಳೂರಿನಲ್ಲಿ ಪ್ಲೇಗು ಹಬ್ಬಿ ಜನ ಮನೆಮಠ ಬಿಟ್ಟು ಓಡಿದ್ದನ್ನು ಅಜ್ಜಿಯರು ಹೇಳುತ್ತಿದ್ದರು. ಇಲಿ ಹಿಡಿಯುವ ಬೆಕ್ಕಿಗೆ ಮಾತ್ರ ಚೀಲ! ದೇವರಿಗೂ ಬೆಕ್ಕು ಬೇಡವೆಂದೇನಿಲ್ಲ. ಮಗು ಹುಟ್ಟಿದ ಆರನೆಯ ದಿನ ನೆನೆಯುವ ಷಷ್ಠೀದೇವಿಗೆ ಬೆಕ್ಕೇ ವಾಹನ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಬೆಕ್ಕಳಲೆಯಲ್ಲಿ ಮಂಗಮ್ಮನನ್ನು ಬೆಕ್ಕಿನ ರೂಪದಲ್ಲೇ ಪೂಜಿಸುತ್ತಾರೆ. ಅಲ್ಲಿ ಬೆಕ್ಕಿಗೆ ತೊಂದರೆ ಕೊಟ್ಟವರನ್ನು ಊರು ಸುಮ್ಮನೆ ಬಿಡುವುದಿಲ್ಲ.

ಇಲ್ಲಿ ನಮ್ಮ ದೊಡ್ಡಮ್ಮನ ವಿಷಯ ಹೇಳಲೇಬೇಕು. ಶ್ರೀನಿವಾಸಪುರದ ಹತ್ತಿರದ ಹಳ್ಳಿ, ರೇಷ್ಮೆ ಮನೆತನ. "ಕೊತ್ತಿ ಕಂಡ್ರೆ ನಂಗಾಗಲ್ಲ" ಎಂದು ಬಂದವರಿಗೆಲ್ಲ ಸಾರಿಕೊಂಡೇ ಎಪ್ಪತ್ತು ವರ್ಷ ಕಳೆದ ಹೆಂಗಸು. ಬೂದು ಬಣ್ಣದ ಆ ಕೊತ್ತಿ ದೊಡ್ಡಪ್ಪ ಸಾಕಿದ್ದು. ದೊಡ್ಡಪ್ಪ ತೀರಿಕೊಂಡಾಗ ಅದಕ್ಕೆ ಹದಿನಾಲ್ಕು ವರ್ಷ. ಒಂದು ಕಣ್ಣು ಮಂಜು, ಬಾಯಲ್ಲಿ ಎರಡೋ ಮೂರೋ ಹಲ್ಲು. ತಿಥಿ ಮುಗಿದ ಮಾರನೆಯ ದಿನವೇ ದೊಡ್ಡ ಮಗ ಚೀಲ ತಂದ. ಸತ್ತವರು ಸಾಕಿದ್ದು ಮನೆಯಲ್ಲಿರಬಾರದೆಂದು ಪಕ್ಕದ ಮನೆಯವರು ಬೇರೆ ಕಿವಿ ಊದಿದ್ದರು. ದೊಡ್ಡಮ್ಮ ಅಂದದ್ದು ಇಷ್ಟೇ: "ಹುಳ ಮೂರನೇ ಜ್ವರ ಎದ್ದವೆ ಕಣಪ್ಪ. ಈಗ ಇಲಿ ಬಂದ್ರೆ ಯಾರು ನೋಡೋರು? ಗೂಡು ಮಾರಿದ ಮೇಲೆ ಎಲ್ಲಾದ್ರೂ ಬಿಟ್ಟು ಬಾ."

ಹುಳು ಸಾಕಿದ ಮನೆಯವರಿಗೆ ಆ ದಿನಗಳು ಗೊತ್ತು. ನಾಲ್ಕನೇ ಜ್ವರ ಎದ್ದ ಹುಳುಗಳಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ರಾತ್ರಿ ಎದ್ದು ಹಾಕಬೇಕು, ಕೋಳಿ ಕೂಗುವ ಮೊದಲು ಮತ್ತೆ ಹಾಕಬೇಕು. ಕತ್ತಲಲ್ಲಿ ಸಾವಿರಾರು ಹುಳುಗಳು ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯ ಹಾಗಿರುತ್ತದೆ. ಗಂಡನನ್ನು ಕಳೆದುಕೊಂಡು ತಿಂಗಳೂ ತುಂಬದ ದೊಡ್ಡಮ್ಮ ಅಲ್ಲಿ ಒಬ್ಬರೇ ಸೊಪ್ಪು ಹರಡುತ್ತಿದ್ದರೆ ಕೊತ್ತಿ ಹೊಸಲಿನಾಚೆ ಕೂತಿರುತ್ತಿತ್ತು. ಇಲಿ ಹಿಡಿಯುವ ಶಕ್ತಿ ಅದಕ್ಕಿರಲಿಲ್ಲ. ಒಳಗೆ ಬರುತ್ತಿರಲಿಲ್ಲ, ಕಾಲಿಗೆ ಸುತ್ತಿಕೊಳ್ಳುತ್ತಿರಲಿಲ್ಲ, ಸುಮ್ಮನೆ ಕೂತಿರುತ್ತಿತ್ತು. "ಏನೇ ಮುದುಕಿ, ನಿಂಗೂ ನಿದ್ದೆ ಬರಲ್ವಾ?" ಎಂದು ದೊಡ್ಡಮ್ಮ ಕೇಳಿದ್ದನ್ನು ನಾನು ನಡುಮನೆಯಲ್ಲಿ ಮಲಗಿ ಕೇಳಿಸಿಕೊಂಡಿದ್ದೇನೆ.

ಹುಳು ಹಣ್ಣಾದವು, ಚಂದ್ರಿಕೆಗೆ ಬಿಟ್ಟರು, ಗೂಡು ಮಾರುಕಟ್ಟೆಗೆ ಹೋಯಿತು. ಮಗ ಮತ್ತೆ ಚೀಲ ತಂದ. "ಇನ್ನೊಂದು ಬೆಳೆ ಆಗ್ಲಿ" ಎಂದರು. ಹಾಗೆ ಆರೇಳು ಬೆಳೆ ಆಯಿತು. ಕೊತ್ತಿ ಎರಡು ವರ್ಷ ಇತ್ತು. ನುಗ್ಗೆ ಮರದ ಬುಡದಲ್ಲಿ ಹೂತರು. ದೊಡ್ಡಮ್ಮನನ್ನು ಈಗ ಕೇಳಿದರೂ ಉತ್ತರ ಅದೇ: "ಕೊತ್ತಿ ಕಂಡ್ರೆ ನಂಗಾಗಲ್ಲ. ಅದು ಕೊತ್ತಿ ಅಲ್ಲ, ನಮ್ಮ ಮುದುಕಿ."

ಬಂಧುಗಳು ಇದನ್ನು "ಕೊತ್ತಿ ದೊಡ್ಡಮ್ಮನ ಮನಸ್ಸು ಗೆದ್ದ ಕಥೆ" ಎಂದು ಮದುವೆಮನೆಗಳಲ್ಲಿ ಹೇಳಿ ನಗುತ್ತಾರೆ. ನನಗೆ ಆ ಮಾತು ಹಿಡಿಸುವುದಿಲ್ಲ. ಕೊತ್ತಿ ಗೆಲ್ಲುವಂಥದ್ದೇನೂ ಮಾಡಲಿಲ್ಲ. ಒಂದು ಬೆಳೆಯ ಕಾಲ ಚೀಲ ಮೂಲೆಯಲ್ಲಿತ್ತು, ಅಷ್ಟೆ. ಮನಸ್ಸು ಗೆದ್ದ ಬೆಕ್ಕಿಗೆ ಮಾತ್ರ ಅನ್ನ ಎಂದಾದರೆ ಗೆಲ್ಲದಿದ್ದದ್ದರ ಗತಿ? ಹತ್ತು ವರ್ಷ ರಾಗಿ ಮೂಟೆ, ಕಡಲೆಕಾಯಿ ಚೀಲ ಕಾದದ್ದಕ್ಕೆ ಅದರ ಮುಪ್ಪಿನ ಎರಡು ತುತ್ತು ನಾವು ತೀರಿಸಬೇಕಾದ ಬಾಕಿ. ಬಾಕಿ ತೀರಿಸಲು ಪ್ರೀತಿ ಬೇಕೇ? ಅಂಗಡಿ ಶೆಟ್ಟರ ಬಾಕಿಯನ್ನು ಅವರ ಮೇಲಿನ ಪ್ರೀತಿಗೆ ತೀರಿಸುತ್ತೇವೆಯೇ?

"ಮನೆಯಲ್ಲೆಲ್ಲ ಉಚ್ಚೆ ಮಾಡುತ್ತೆ, ಕೊಬ್ಬು" ಎನ್ನುವುದು ಚೀಲಕ್ಕೆ ಕೊಡುವ ದೊಡ್ಡ ಕಾರಣ. ದೊಡ್ಡಮ್ಮನ ಕೊತ್ತಿಯದೂ ಅದೇ ದೂರಿತ್ತು. ದನದ ಆಸ್ಪತ್ರೆಗೆ ಬುಟ್ಟಿಯಲ್ಲಿ ಒಯ್ದಾಗ ಹಸು ಹಿಡಿದುಕೊಂಡು ನಿಂತವರೆಲ್ಲ ನಕ್ಕರು. ಡಾಕ್ಟರು ನಗಲಿಲ್ಲ. ಮುದಿ ಬೆಕ್ಕುಗಳಿಗೆ ಮೂತ್ರಪಿಂಡ ಸೋಲುವುದು ಬಲು ಸಾಮಾನ್ಯ, ಅದಕ್ಕೇ ಬಾಯಾರಿಕೆ ಹೆಚ್ಚು, ಅದಕ್ಕೇ ಉಚ್ಚೆಯೂ ಹೆಚ್ಚು ಎಂದರು. ಕೀಲುನೋವಿಗೆ ಮೆಟ್ಟಿಲಿಳಿದು ಹಿತ್ತಿಲಿಗೆ ಹೋಗಲಾರದು. ನಮಗೆ ಮಂಡಿನೋವು ಬಂದರೆ ಎಣ್ಣೆ, ಬಿಸಿನೀರು. ಬೆಕ್ಕಿಗೆ ಬಂದರೆ ಕೊಬ್ಬು!

ಬಿಟ್ಟು ಬಂದವರಿಗೆ ಇನ್ನೊಂದು ಮಾತು. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೆಯ ಕಲಮಿನ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳುವಂಥ ಜಾಗದಲ್ಲಿ ಸಕಾರಣವಿಲ್ಲದೆ ಪ್ರಾಣಿಯನ್ನು ಬಿಟ್ಟು ಬರುವುದೂ ಅಪರಾಧವೇ. ಮೊದಲ ತಪ್ಪಿಗೆ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಮುಳಬಾಗಿಲಿನಲ್ಲಿ ಒಂದು ದೋಸೆ ತಿಂದಷ್ಟು! ಕಾನೂನು ಮಾಡಿದವರ ಮನೆಯಲ್ಲೂ ಗೋಣಿಚೀಲ ಇತ್ತೋ ಏನೋ.

ಮುದಿ ಬೆಕ್ಕಿಗೆ ಬೇಕಾದದ್ದು ಬಹಳವೇನಿಲ್ಲ. ಮಲಗುವ ಜಾಗದ ಪಕ್ಕದಲ್ಲೇ ಒಂದು ಬಟ್ಟಲು ನೀರು. ಬರೀ ಹಾಲನ್ನ ಅದಕ್ಕೆ ಆಹಾರವಲ್ಲ; ಮೀನೋ ಕೋಳಿಯೋ ಉಪ್ಪುಖಾರವಿಲ್ಲದೆ ಬೇಯಿಸಿ, ಮುಳ್ಳು ಮೂಳೆ ತೆಗೆದು, ಕಿವುಚಿ ಕೊಡಬೇಕು. ಹಿತ್ತಿಲ ಬಾಗಿಲ ಬಳಿ ತಗ್ಗು ಅಂಚಿನ ತಟ್ಟೆಯಲ್ಲಿ ಮರಳು. ಆ ಮರಳನ್ನು ದಿನಾ ಚೊಕ್ಕಟ ಮಾಡಬೇಕು ನಿಜ. ಅದನ್ನು ಮನೆಯ ಗಂಡಸರೇ ಮಾಡಲಿ. ಚೀಲ ಹೊರಲು ಮುಂದೆ ಬರುತ್ತಿದ್ದವರು ಅವರೇ ತಾನೆ?