ತಗಡಿನ ಅಂಚಿನ ಪುಟ್ಟ ನಟ್ಟು

ಮನೆಯ ಯಂತ್ರಗಳನ್ನು ಕುರಿತು ಬರೆಯುವಾಗ ದೊಡ್ಡ ಭಾಗಗಳ ಮಾತೇ ಹೆಚ್ಚಾಗಿ ಬರುವುದುಂಟು. ಈ ತಿಂಗಳು ಹುಣಿಸೆಬೀಜದಷ್ಟಿರುವ ಒಂದು ಭಾಗವನ್ನು ಕುರಿತು ನಾಲ್ಕು ಮಾತು ಹೇಳಬೇಕಾಗಿದೆ. ಅಂತಹ ಎರಡು ಕಳೆದುಹೋದುದರಿಂದ ನಮ್ಮ ಮನೆಯ ಬಟ್ಟೆ ಒಗೆಯುವ ಯಂತ್ರದ ಹಿಂಬದಿಯ ತಗಡು ಮೂರು ವಾರ ಸಡಿಲವಾಗಿ ಅಲ್ಲಾಡುತ್ತಿದ್ದಿತು. ತಗಡಿನ ಒಳಗೆ ವಿದ್ಯುತ್ತಿನ ತಂತಿಗಳು ಮತ್ತು ತಿರುಗುವ ಪಟ್ಟಿ. ಹೊರಗೆ, ಕಂಡುದಕ್ಕೆಲ್ಲ ಕೈಹಾಕುವ ಮೂರು ವರ್ಷದ ಮಗು. ಆ ಮೂರು ವಾರ ಯಂತ್ರವನ್ನು ನಡೆಸುವ ಧೈರ್ಯ ನಮಗಾಗಲಿಲ್ಲ.

ಕಳೆದುದು ಆರು ಮೂಲೆಯ ಮಾಮೂಲಿನ ನಟ್ಟಲ್ಲ. ತೆಳುವಾದ ಸ್ಪ್ರಿಂಗು ಉಕ್ಕಿನ ಪಟ್ಟಿಯನ್ನು ನಡುವೆ ಮಡಿಸಿ, ಕೂದಲಿಗೆ ಕ್ಲಿಪ್ಪು ಸಿಕ್ಕಿಸುವಂತೆ ತಗಡಿನ ಅಂಚಿಗೆ ತೊಡಿಸಿರುತ್ತಾರೆ. ಇದು ಏಕೆ ಬೇಕಾಯಿತೆಂಬುದನ್ನು ತಿಳಿಯುವುದು ಸುಲಭ. 5 ಮಿಲಿಮೀಟರಿನ ಸಾಮಾನ್ಯ ಸ್ಕ್ರೂವಿನಲ್ಲಿ ಒಂದು ಸುತ್ತಿಗೂ ಮುಂದಿನ ಸುತ್ತಿಗೂ 0.8 ಮಿಲಿಮೀಟರು ಅಂತರ. ತಗಡಿನ ದಪ್ಪವೇ 1 ಮಿಲಿಮೀಟರಿನಷ್ಟಿದ್ದರೆ ಅದರಲ್ಲಿ ಹಿಡಿಯುವುದು ಒಂದೇ ಸುತ್ತು. ಯಂತ್ರದ ಅದಿರಾಟಕ್ಕೆ ಅದು ಎಷ್ಟು ದಿನ ನಿಂತೀತು? ತಗಡಿನ ಹಿಂದೆ ಕೈ ಹೋಗದುದರಿಂದ ಬೇರೆ ನಟ್ಟನ್ನು ಹಿಡಿದುಕೊಳ್ಳುವುದೂ ಸಾಧ್ಯವಿಲ್ಲ.

ಈ ಬಗೆಯ ಸ್ಪ್ರಿಂಗು ನಟ್ಟಿಗೆ ಹೆಸರು ತಂದುದು ಒಂದು ಅಡುಗೆಯ ಒಲೆಯೆಂಬುದು ಗೃಹಿಣಿಯರಿಗೆ ಸ್ವಾರಸ್ಯವಾಗಿ ತೋರಬಹುದು. ಅಮೆರಿಕದ ಕ್ಲೀವ್‌ಲೆಂಡ್ ನಗರದಲ್ಲಿ ಟಿನ್ನರ್‌ಮನ್ ಮನೆತನದವರು ಒಲೆಗಳನ್ನು ಮಾಡುತ್ತಿದ್ದರು. ಎನಾಮಲ್ ಬಳಿದ ತಗಡಿಗೆ ಸ್ಕ್ರೂ ಬಿಗಿದೊಡನೆ ಎನಾಮಲ್ ಸೀಳುತ್ತಿದ್ದಿತು. ಬಿಗಿಯನ್ನು ಮೆಲ್ಲನೆ ತಾಳಿಕೊಳ್ಳುವ ಸ್ಪ್ರಿಂಗು ನಟ್ಟನ್ನು ಆಲ್ಬರ್ಟ್ ಟಿನ್ನರ್‌ಮನ್ ಎಂಬವರು 1920ರ ದಶಕದಲ್ಲಿ ರೂಪಿಸಿದರು. ಮುಂದೆ ಎರಡನೆಯ ಮಹಾಯುದ್ಧದ ವಿಮಾನಗಳಲ್ಲಿಯೂ ಮೋಟಾರು ಕಾರುಗಳಲ್ಲಿಯೂ ಅದು ಬಳಕೆಗೆ ಬಂದಿತು.

ಇನ್ನು ಗುರುತಿಸುವ ಬಗೆ. ಮೊದಲು ಪ್ಲಗ್ಗನ್ನು ಕಿತ್ತಿಡಿ. ಉಳಿದಿರುವ ಒಂದು ನಟ್ಟನ್ನು ಬಿಡಿಸಿ ನೋಡಿ. ತೂತಿನ ಎರಡು ಕಡೆಯಿಂದ ನಾಲಿಗೆಯಂತಹ ಎಸಳುಗಳು ಎದ್ದಿದ್ದರೆ ಅದು ಸಾಮಾನ್ಯವಾಗಿ ತಗಡಿನ ಸ್ಕ್ರೂವಿಗೆ, ಎಂದರೆ ಸುತ್ತುಗಳು ದೂರದೂರವಾಗಿರುವ ಸ್ಕ್ರೂವಿಗೆ, ಹೊಂದುವುದು. ಎಸಳುಗಳ ಬದಲು ಒಳಗೆ ಸುತ್ತು ಕೊರೆದ ಸಣ್ಣ ಕೊಳವೆಯಿದ್ದರೆ ಒತ್ತಾದ ಸುತ್ತಿನ ಸ್ಕ್ರೂ ಬೇಕು. ನಾವು ಮೋಸಹೋದುದು ಇಲ್ಲಿಯೇ. 4.8 ಮಿಲಿಮೀಟರಿನ ತಗಡಿನ ಸ್ಕ್ರೂವೂ 5 ಮಿಲಿಮೀಟರಿನ ಸಾಮಾನ್ಯ ಸ್ಕ್ರೂವೂ ಕಣ್ಣಿಗೆ ಒಂದೇ ದಪ್ಪ. ಆದರೆ ಅಡ್ಡಪಟ್ಟಿಯ ಪಕ್ಕದಲ್ಲಿಟ್ಟು ಐದು ಸುತ್ತಿನ ಅಂತರವನ್ನು ಅಳೆದರೆ ಮೊದಲನೆಯದು 8 ಮಿಲಿಮೀಟರು, ಎರಡನೆಯದು 4 ಮಿಲಿಮೀಟರು! ಒಂದರ ನಟ್ಟಿಗೆ ಇನ್ನೊಂದನ್ನು ಬಲವಂತದಿಂದ ತಿರುಗಿಸಿದರೆ ಎರಡೂ ಕೆಡುವುವು.

ಆದುದರಿಂದ ಅಂಗಡಿಗೆ ಹೊರಡುವ ಮೊದಲು ನಾಲ್ಕು ಅಳತೆಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ: ಸ್ಕ್ರೂವಿನ ದಪ್ಪ, ಅದರ ಐದು ಸುತ್ತಿನ ಅಂತರ, ತಗಡಿನ ದಪ್ಪ, ತಗಡಿನ ಅಂಚಿನಿಂದ ತೂತಿನ ನಡುವಿನವರೆಗಿನ ದೂರ. ಕಡೆಯದನ್ನು ಮರೆತರೆ ನಟ್ಟು ಅಂಚಿಗೇನೋ ಕೂರುತ್ತದೆ, ತೂತಿಗೆ ತೂತು ಕೂಡುವುದಿಲ್ಲ. ಹಳೆಯ ನಟ್ಟನ್ನೂ ಸ್ಕ್ರೂವನ್ನೂ ಜೊತೆಯಲ್ಲಿಯೇ ಒಯ್ಯಿರಿ. ಅಂಗಡಿಯಲ್ಲಿ ಇದಕ್ಕೆ ಯು ಕ್ಲಿಪ್, ಸ್ಪ್ರಿಂಗ್ ನಟ್, ಸ್ಪೀಡ್ ನಟ್ ಎಂದು ಹೆಸರುಗಳುಂಟು. ಹೆಸರಿಗಿಂತ ಮಾದರಿಯೇ ಮೇಲು. ಸಾಮಾನ್ಯ ಕಬ್ಬಿಣದಂಗಡಿಯಲ್ಲಿ ಸಿಕ್ಕದಿದ್ದರೆ ಕಾರಿನ ಬಿಡಿಭಾಗಗಳನ್ನು ಮಾರುವವರಲ್ಲಿ ವಿಚಾರಿಸಿ. ಕಾರಿನ ಬಂಪರು, ಮಡ್‌ಗಾರ್ಡುಗಳಲ್ಲಿಯೂ ಇಂಥವೇ ಇರುವುವು. ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯುಂಟು, ಬೇರೆ ಊರುಗಳಲ್ಲಿಯೂ ಅಂತಹ ಅಂಗಡಿ ಇರುವುದು ಅಪೂರ್ವವಲ್ಲ.

ಮಾಡಬಾರದುದನ್ನೂ ಹೇಳಬೇಕು. ನಟ್ಟು ಸಿಕ್ಕದೆಂದು ತೂತನ್ನು ದೊಡ್ಡದು ಮಾಡಿ ದಪ್ಪ ಸ್ಕ್ರೂ ಹೊಡೆಯಬಾರದು. ಮುಂದೆ ಸರಿಯಾದ ನಟ್ಟು ಸಿಕ್ಕಿದರೂ ಅದಕ್ಕೆ ಹಿಡಿತವಿರದು. ಉದ್ದದ ಸ್ಕ್ರೂವನ್ನಂತೂ ಹಾಕಲೇಬಾರದು. ಅದರ ಮೊನೆ ಒಳಗಿನ ತಂತಿಯನ್ನು ಕೊರೆದರೆ ತಗಡಿಗೆಲ್ಲ ವಿದ್ಯುತ್ತು ಹರಿದೀತು. ತೂತು ಅಂಚಿನಲ್ಲಿಲ್ಲದೆ ತಗಡಿನ ನಡುವೆ ಇದ್ದರೆ ಕ್ಲಿಪ್ಪು ತೊಡಿಸಲಾಗದು. ಅಲ್ಲಿಗೆ ರಿವೆಟ್ ನಟ್ ಬೇಕಾದೀತು. ಅದನ್ನು ಕೂಡಿಸಲು ಬೇರೆ ಉಪಕರಣ ಅವಶ್ಯವಾದುದರಿಂದ ಕೆಲಸ ಬಲ್ಲವರನ್ನು ಕರೆಯಿಸುವುದೇ ಲೇಸು.

ನಮ್ಮ ಯಂತ್ರಕ್ಕೆ ಬೇಕಾದುದು ಎರಡು ನಟ್ಟು. ನಾವು ತಂದುದು ಆರು. ಮಿಕ್ಕ ನಾಲ್ಕನ್ನು ಹೊಲಿಗೆಯ ಡಬ್ಬಿಯಲ್ಲಿ ಗುಂಡಿಗಳ ಜೊತೆಗೆ ಇಟ್ಟಿದ್ದೇವೆ. ತಗಡು ಈಗ ಅಲುಗದು. ಮಗು ಈಗಲೂ ಬಂದು ಅದನ್ನು ಎಳೆದು ನೋಡುತ್ತದೆ. ಬರದಿದ್ದುದನ್ನು ಕಂಡು ಬೇರೆ ಆಟಕ್ಕೆ ಹೋಗುತ್ತದೆ.